ಹಿಂಬದಿ ಕುಸಿದ ಹಳೆಯ ಬೈಕು

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ಯಮಹಾ ಆರ್‌ಎಕ್ಸ್ 100 ತಯಾರಿಕೆ ನಿಂತದ್ದೂ ಅದೇ ವರ್ಷ. ಆದರೂ ಯೆಜ್ಡಿಯ ಸದ್ದು, ಆರ್‌ಎಕ್ಸ್‌ನ ಹೊಗೆ ರಾಜ್ಯದ ಬೀದಿಗಳಿಂದ ಪೂರ್ತಿ ಮಾಯವಾಗಿಲ್ಲ. ಇಂಥ ಗಾಡಿ ಸಾಕಿಕೊಂಡವರು ಎಂಜಿನ್, ಕಾರ್ಬ್ಯುರೇಟರ್‌ಗಳ ಮೇಲೆ ತೋರುವ ಮಮತೆಯಲ್ಲಿ ಕಾಲು ಭಾಗವನ್ನೂ ಹಿಂದಿನ ಶಾಕ್ ಅಬ್ಸಾರ್ಬರ್‌ಗಳಿಗೆ ತೋರುವುದಿಲ್ಲ. ಅವು ಒಂದೇ ದಿನ ಕೈಕೊಡುವುದಿಲ್ಲವಲ್ಲ! ವರ್ಷಕ್ಕಿಷ್ಟು ಎಂಬಂತೆ ನಿಧಾನವಾಗಿ ಕುಸಿಯುತ್ತವೆ. ಸವಾರನೂ ಅದಕ್ಕೆ ಒಗ್ಗಿಹೋಗಿರುತ್ತಾನೆ.

ಕುಸಿತದ ಲಕ್ಷಣಗಳು ಮಾತ್ರ ಸ್ಪಷ್ಟ. ಹಿಂದೆ ಒಬ್ಬರು ಕುಳಿತರೆ ಚಕ್ರ ಮಡ್‌ಗಾರ್ಡಿಗೆ ಉಜ್ಜುತ್ತದೆ. ಸ್ಪೀಡ್ ಬ್ರೇಕರ್ ಮೇಲೆ ಸೈಲೆನ್ಸರ್ ತಗಲುತ್ತದೆ. ಹಿಂಬದಿ ತಗ್ಗಿದರೆ ಮುಂಬದಿ ಮೇಲೇಳಲೇಬೇಕು. ಆಗ ಮುಂದಿನ ಫೋರ್ಕ್ ಹೆಚ್ಚು ಓರೆಯಾಗಿ, ಹ್ಯಾಂಡಲ್ ಹಗುರವಾಗಿ, ತಿರುವಿನಲ್ಲಿ ಗಾಡಿ ಹೇಳಿದ ಮಾತು ಕೇಳುವುದಿಲ್ಲ. ಚಾರ್ಮಾಡಿ, ಆಗುಂಬೆಯಂಥ ಘಾಟಿಗಳಲ್ಲಿ ಹೆಂಡತಿ, ಮಗುವನ್ನು ಕೂರಿಸಿಕೊಂಡು ಹೋಗುವವನಿಗೆ ಇದು ಸಣ್ಣ ಸಂಗತಿಯಲ್ಲ. ರಾತ್ರಿಯಾದರೆ ಹೆಡ್‌ಲೈಟಿನ ಬೆಳಕು ರಸ್ತೆ ಬಿಟ್ಟು ಎದುರಿನವರ ಕಣ್ಣಿಗೇ ಬೀಳುತ್ತದೆ.

ಬಹುಪಾಲು ಸವಾರರು ಇಲ್ಲೊಂದು ತಪ್ಪು ಲೆಕ್ಕ ಹಾಕುತ್ತಾರೆ. ಶಾಕ್‌ನಿಂದ ಎಣ್ಣೆ ಜಿನುಗಿದ್ದು ಕಂಡೊಡನೆ ‘ಅದಕ್ಕೇ ಗಾಡಿ ಕುಸಿದಿದೆ’ ಎನ್ನುತ್ತಾರೆ. ನಿಜವೆಂದರೆ, ಹಳೆಯ ಜೋಡಿ ಶಾಕ್‌ಗಳಲ್ಲಿ ಗಾಡಿಯ ಭಾರ ಹೊರುವುದು ಸ್ಪ್ರಿಂಗ್. ಒಳಗಿನ ಎಣ್ಣೆಯ ಕೆಲಸ ಸ್ಪ್ರಿಂಗಿನ ಕುಣಿತಕ್ಕೆ ಕಡಿವಾಣ ಹಾಕುವುದು. ಎಣ್ಣೆ ಹೋದರೆ ಗಾಡಿ ಗುಂಡಿ ದಾಟಿದ ಮೇಲೂ ಮೂರು ನಾಲ್ಕು ಸಲ ಜೀಕುತ್ತದೆ, ಎತ್ತರ ಕಡಿಮೆಯಾಗುವುದಿಲ್ಲ. ಎತ್ತರ ಕಡಿಮೆಯಾಗಿದ್ದರೆ ಮೊದಲು ಅನುಮಾನಿಸಬೇಕಾದದ್ದು ಸ್ಪ್ರಿಂಗನ್ನು. ಎರಡೂ ಕಾಯಿಲೆ ಒಟ್ಟಿಗೇ ಇರಬಹುದು, ಆದರೆ ಮದ್ದು ಬೇರೆ ಬೇರೆ.

ಪರೀಕ್ಷೆಗೆ ಬೇಕಾದದ್ದು ಟೈಲರ್ ಟೇಪು ಮತ್ತು ಇಬ್ಬರು ಸಹಾಯಕರು. ಹಿಂದಿನ ಆಕ್ಸಲ್‌ನ ನೇರ ಮೇಲೆ, ಸೀಟಿನ ಕೆಳಗಿನ ಚೌಕಟ್ಟಿನಲ್ಲಿ ಒಂದು ಗುರುತು ಹಾಕಬೇಕು. ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, ಚಕ್ರ ನೆಲ ಬಿಟ್ಟಿರುವಾಗ ಆಕ್ಸಲ್‌ನಿಂದ ಗುರುತಿನವರೆಗೆ ಅಳೆಯುವುದು ಮೊದಲ ಅಳತೆ. ಸ್ಟ್ಯಾಂಡಿನಿಂದ ಇಳಿಸಿ, ಗಾಡಿ ತನ್ನದೇ ಭಾರದಲ್ಲಿ ನಿಂತಾಗ ಎರಡನೆಯದು. ಸವಾರ ನೆಟ್ಟಗೆ ಕುಳಿತಾಗ ಮೂರನೆಯದು. ನಿಂತಾಗಿನ ಎರಡು ಅಳತೆಗಳನ್ನು ಒಮ್ಮೆ ಗಾಡಿಯನ್ನು ಒತ್ತಿ ಬಿಟ್ಟು, ಒಮ್ಮೆ ಎತ್ತಿ ಬಿಟ್ಟು ತೆಗೆದುಕೊಂಡು ಸರಾಸರಿ ಹಿಡಿಯಬೇಕು. ಈ ಎರಡರ ನಡುವೆ ಹೆಚ್ಚು ವ್ಯತ್ಯಾಸ ಬಂದರೆ ಎಲ್ಲೋ ಬಿಗಿತವಿದೆ ಎಂದರ್ಥ.

ಉದಾಹರಣೆಗೆ ಮೂರು ಅಳತೆಗಳು 560, 550, 530 ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. ಗಾಡಿಯ ಸ್ವಂತ ಇಳಿತ 10, ಸವಾರನ ಸಮೇತ ಇಳಿತ 30. ಚಕ್ರದ ಒಟ್ಟು ಚಲನೆಯ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಸವಾರನ ಇಳಿತವಿರುವುದು ವಾಡಿಕೆ. ಚಲನೆ 100 ಮಿಲಿಮೀಟರ್ ಇರುವ ಬೈಕಿಗೆ 25ರಿಂದ 33 ಸಾಕು. ಇದೇ ಬೈಕು 50 ಇಳಿದರೆ ಅರ್ಧ ಚಲನೆ ಕುಳಿತ ಕೂಡಲೇ ಮುಗಿದಂತೆ. ಗುಂಡಿ ಬಂದರೆ ಪೆಟ್ಟು ನೇರ ಸೊಂಟಕ್ಕೆ.

ಇಳಿತ ಹೆಚ್ಚಿದ್ದರೆ ಹಣ ಬಿಚ್ಚುವ ಮೊದಲು ಶಾಕ್‌ನ ಬುಡದ ಮೆಟ್ಟಿಲುಗಳನ್ನು ನೋಡಬೇಕು. ಹೊಂದಾಣಿಕೆ ಇರುವ ಶಾಕ್‌ಗಳಲ್ಲಿ ಸಿ-ಸ್ಪ್ಯಾನರ್‌ನಿಂದ ಒಂದೊಂದೇ ಮೆಟ್ಟಿಲು ಏರಿಸಬಹುದು. ಎಡಕ್ಕೊಂದು, ಬಲಕ್ಕೊಂದು ಮೆಟ್ಟಿಲಿನಲ್ಲಿ ಓಡುತ್ತಿರುವ ಗಾಡಿಗಳಿಗೆ ಲೆಕ್ಕವಿಲ್ಲ. ಎರಡೂ ಸಮ ಇರಲೇಬೇಕು. ಮೆಟ್ಟಿಲು ಏರಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂಬ ನಂಬಿಕೆ ಸರಿಯಲ್ಲ. ಗಟ್ಟಿತನ ಇದ್ದಷ್ಟೇ, ಗಾಡಿ ನಿಲ್ಲುವ ಎತ್ತರ ಮಾತ್ರ ಏರುತ್ತದೆ. ಹೀಗೆ ಏರಿಸಿ ಸವಾರನ ಇಳಿತ ಸರಿಯಾದ ಮೇಲೆ ಗಾಡಿಯ ಸ್ವಂತ ಇಳಿತವನ್ನು ಮತ್ತೆ ಅಳೆಯಬೇಕು. ಅದು ಸೊನ್ನೆಗೆ ಹತ್ತಿರವಾಗಿದ್ದರೆ ಸ್ಪ್ರಿಂಗ್ ಆ ಭಾರಕ್ಕೆ ಮೆತ್ತಗಾಯಿತು, ಬದಲಿಸುವುದೇ ದಾರಿ.

ಸ್ಪ್ರಿಂಗ್ ಸರಿಯಿದ್ದರೂ ಎತ್ತರ ಕೆಡಬಹುದು. ಹಿಂದಿನ ಮಾಲೀಕ ಬೇರೆ ಮಾದರಿಯ ಶಾಕ್ ಹಾಕಿಸಿರುವುದು ಸಾಮಾನ್ಯ. ಶಾಕ್ ಆಕ್ಸಲ್‌ಗಿಂತ ಮುಂದೆ ಕೂತಿರುವ ಬೈಕಿನಲ್ಲಿ ಶಾಕ್ 10 ಮಿಲಿಮೀಟರ್ ಗಿಡ್ಡವಾದರೆ ಹಿಂಬದಿ ಅದಕ್ಕಿಂತಲೂ ಹೆಚ್ಚು ಇಳಿಯುತ್ತದೆ. ಸ್ವಿಂಗ್ ಆರ್ಮ್‌ನ ಬುಷ್‌ಗೆ ತುಕ್ಕು ಹಿಡಿದಿದ್ದರೆ ಗಾಡಿ ಎಲ್ಲಿ ನಿಲ್ಲಿಸಿದರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಚಕ್ರ, ಶಾಕ್, ಚೈನ್ ಕಳಚಿ ಎತ್ತಿ ಬಿಟ್ಟಾಗ ಸ್ವಿಂಗ್ ಆರ್ಮ್ ತಾನಾಗಿ ಇಳಿಯಬೇಕು, ಅಡ್ಡಕ್ಕೆ ಅಲುಗಾಡಬಾರದು. ಹಿಂಬದಿ ಎತ್ತರವಾಗಿ ಕಂಡರೆ ಮುಂದಿನ ಫೋರ್ಕ್‌ನ ಸ್ಪ್ರಿಂಗೇ ಕುಸಿದಿರಬಹುದು, ಅದನ್ನೂ ಅಳೆಯಬೇಕು.

ಸ್ಪ್ರಿಂಗಿಗೆ ವಾಷರ್ ತುರುಕಿ ಎತ್ತರಿಸುವ ಅಗ್ಗದ ಉಪಾಯ ಬೇಡ. ವಾಷರ್ ಹೆಚ್ಚಾದರೆ ಚಲನೆ ಮುಗಿಯುವ ಮೊದಲೇ ಸುರುಳಿಗಳು ಒಂದಕ್ಕೊಂದು ಬಡಿದುಕೊಳ್ಳುತ್ತವೆ. ಒತ್ತಿ ಕೂರಿಸಿದ ಸ್ಪ್ರಿಂಗನ್ನು ಕಂಪ್ರೆಸರ್ ಇಲ್ಲದೆ ಬಿಚ್ಚುವುದು ಅಪಾಯ. ಚಿಮ್ಮಿದರೆ ಮುಖಕ್ಕೇ ಬಂದೀತು. ಬದಲಿಸುವಾಗ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಉದ್ದ ಹೆಚ್ಚಿರುವ ಶಾಕ್ ಹಾಕಿದರೆ ಸೆಂಟರ್ ಸ್ಟ್ಯಾಂಡಿನಲ್ಲಿ ಚಕ್ರ ನೆಲಕ್ಕೆ ತಾಗುತ್ತದೆ, ಸೈಡ್ ಸ್ಟ್ಯಾಂಡಿನಲ್ಲಿ ಗಾಡಿ ಅತಿಯಾಗಿ ವಾಲುತ್ತದೆ, ಚೈನ್ ಸ್ವಿಂಗ್ ಆರ್ಮಿಗೆ ಉಜ್ಜಲೂಬಹುದು.

ಎತ್ತರ ಬದಲಾದ ಮೇಲೆ ಎರಡು ಕೆಲಸ ಮರೆಯುವಂತಿಲ್ಲ. ಒಂದು, ಚೈನ್. ಗೇರ್‌ಬಾಕ್ಸ್ ಸ್ಪ್ರಾಕೆಟ್, ಸ್ವಿಂಗ್ ಆರ್ಮ್‌ನ ತಿರುಗಣೆ, ಹಿಂದಿನ ಆಕ್ಸಲ್ ಈ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿಯಾಗಿರುತ್ತದೆ. ಸವಾರರನ್ನು ಕೂರಿಸಿ ಆ ಸ್ಥಿತಿಗೆ ತಂದು ಸಡಿಲ ಉಳಿದಿದೆಯೇ ನೋಡಬೇಕು. ಇನ್ನೊಂದು, ಹೆಡ್‌ಲೈಟ್. ಸಂಜೆ ಗೋಡೆಯೆದುರು ಗಾಡಿ ನಿಲ್ಲಿಸಿ, ದಿನವೂ ಹೊರುವಷ್ಟು ಭಾರ ಹೇರಿ ಬೆಳಕನ್ನು ತಗ್ಗಿಸಿ ಕೂರಿಸಬೇಕು. ಸೊಂಟ ಉಳಿಯುವುದು ಸವಾರನದು; ಈ ಒಂದು ಸ್ಕ್ರೂ ತಿರುಗಿಸಿದರೆ ಎದುರು ಬರುವವನ ಜೀವವೂ ಉಳಿದೀತು.