ತಂಗಿಯ ಸಹಿಗೆ ಸಂಸ್ಕೃತಿಯ ಹೆಸರೇಕೆ?



“ಹೆಣ್ಣುಮಕ್ಕಳಿಗೆ ಆಸ್ತಿ ಕೊಡುವುದು ನಮ್ಮ ಸಂಸ್ಕೃತಿಯಲ್ಲ.” ಬೆಂಗಳೂರಿನಲ್ಲಿ ಕೆಲಸ ಹಿಡಿದ ಮಲೆನಾಡಿನ ಹುಡುಗರೂ ಊರಿನ ತೋಟದ ಪಾಲಿನ ಮಾತು ಬಂದಾಗ ಹೀಗೆನ್ನುತ್ತಾರೆ. ಯಾವ ಸಂಸ್ಕೃತಿ ಸ್ವಾಮಿ? ಯಾರ ಸಂಸ್ಕೃತಿ?

ಮೂಡಿಗೆರೆ ಸೀಮೆಯ ಜಾವಳಿಗೆ ಬನ್ನಿ. ಹೇಮಾವತಿ ಹುಟ್ಟುವ ಊರು. ಈ ಕಡೆಯ ಒಕ್ಕಲು ಮನೆಗಳಲ್ಲಿ ಗದ್ದೆ, ಕಾಫಿ ತೋಟ ಅಪ್ಪನಿಂದ ಮಗನಿಗೆ ಇಳಿಯುವುದು ರೂಢಿ. ಮಗಳಿಗೆ ಸೀರೆ, ಒಡವೆ, ಮದುವೆಯ ಖರ್ಚು. ಅಲ್ಲಿಗೆ ಲೆಕ್ಕ ಚುಕ್ತಾ!

ಅದೇ ಜಾವಳಿಯಿಂದ ಕೊಟ್ಟಿಗೆಹಾರಕ್ಕೆ ಬಂದು ಚಾರ್ಮಾಡಿ ಘಾಟಿ ಇಳಿಯಿರಿ. ತುಳುನಾಡು. ಅಲ್ಲಿ ಬಂಟರು, ಬಿಲ್ಲವರು ಮುಂತಾದವರು ನಡೆಸಿಕೊಂಡು ಬಂದದ್ದು ಅಳಿಯಸಂತಾನ ಕಟ್ಟು. ಮನೆತನ ಸಾಗುವುದು ತಾಯಿಯ ಕಡೆಯಿಂದ. ಯಜಮಾನಿಕೆ ಹೆಚ್ಚಾಗಿ ಸೋದರಮಾವನ ಕೈಯಲ್ಲೇ ಇತ್ತು, ನಿಜ. ಆದರೆ ಮಗಳು ಅಲ್ಲಿ ಹೊರಗಿನವಳಲ್ಲ, ಕುಟುಂಬ ಬೆಳೆಯುತ್ತಿದ್ದುದೇ ಅವಳಿಂದ. 1949ರ ಮದರಾಸು ಅಳಿಯಸಂತಾನ ಕಾಯ್ದೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಆ ಕಟ್ಟು ಸಡಿಲವಾಯಿತು.

ಘಾಟಿಯ ಮೇಲೊಂದು ಪದ್ಧತಿ, ಕೆಳಗೊಂದು ಪದ್ಧತಿ. ಎರಡೂ ಕರ್ನಾಟಕವೇ. ಕನ್ನಡನಾಡಿನ ಮನೆಗಳೆಲ್ಲ ಒಂದೇ ಅಚ್ಚಿನಲ್ಲಿ ಮೂಡಿದವಲ್ಲ. ಹಾಗಿರುವಾಗ ನಿಮ್ಮ ಮನೆಯ ಅನುಕೂಲಕ್ಕೆ ಇಡೀ ನಾಡಿನ ಸಂಸ್ಕೃತಿಯನ್ನು ಸಾಕ್ಷಿಗೆ ಎಳೆಯಬೇಡಿ.

ಕಾನೂನನ್ನೂ ಕೇಳಿ. ಹುಟ್ಟಿನಿಂದಲೇ ಮಗಳಿಗೂ ಪಿತ್ರಾರ್ಜಿತದಲ್ಲಿ ಪಾಲು ಎಂದು ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತು. ದಿಲ್ಲಿಗೆ ಆ ಬುದ್ಧಿ ಬಂದದ್ದು 2005ರಲ್ಲಿ! ಆದರೆ ನಮ್ಮ ಕಾಯ್ದೆ ಅದಕ್ಕೆ ಮೊದಲು ಮದುವೆಯಾದವರನ್ನು ಹೊರಗಿಟ್ಟಿತ್ತು. ಕೇಂದ್ರದ ತಿದ್ದುಪಡಿ ಅವರನ್ನೂ ಒಳಗೆ ಕರೆಯಿತು. 2005ರ ಸೆಪ್ಟೆಂಬರ್ 9ರಂದು ತಂದೆ ಬದುಕಿರಲೇಬೇಕೆಂಬ ವಾದವನ್ನೂ 2020ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಕ್ರಮವಾಗಿ ನೋಂದಣಿಯಾದ ಪಾಲುಪಟ್ಟಿಯನ್ನು ಮಾತ್ರ ಕೆದಕುವಂತಿಲ್ಲ.

ಇಷ್ಟಾದರೂ ಹಬ್ಬಕ್ಕೆ ಬಂದ ಅಕ್ಕತಂಗಿಯರ ಮುಂದೆ ಹಕ್ಕು ಬಿಡುಗಡೆ ಪತ್ರ ಹಿಡಿಯುವುದು ನಿಂತಿಲ್ಲ. “ತವರು ಬೇಕೋ, ಪಾಲು ಬೇಕೋ?” ಎಂಬ ಪ್ರಶ್ನೆ ಬೇರೆ. ಅವಳು ತಾನಾಗಿ ಬಿಟ್ಟುಕೊಟ್ಟರೆ ಅದು ಅವಳ ದೊಡ್ಡತನ. ಹೆದರಿಸಿ ಪಡೆದರೆ ಅದಕ್ಕೆ ಸುಲಿಗೆ ಎಂದೇ ಹೆಸರು.

ಕನ್ನಡಕ್ಕಾಗಿ ಬೀದಿಗಿಳಿದು ಹಕ್ಕು ಕೇಳುವವರು ನಾವು. ಮನೆಯೊಳಗೆ ತಂಗಿಯ ಹಕ್ಕು ನುಂಗಿದರೆ ನಮ್ಮ ಘೋಷಣೆಗೆ ಏನು ಬೆಲೆ? ಮುಂದಿನ ಸಲ ಊರಿಗೆ ಹೋದಾಗ ಆ ಪತ್ರವನ್ನು ಅವಳಿಗೆ ಅಚ್ಚಗನ್ನಡದಲ್ಲಿ ಓದಿ ಹೇಳಿ. ಅವಳ ಪಾಲು ಎಷ್ಟು ಎಕರೆ ಎಂಬುದನ್ನೂ ಹೇಳಿ. ಪೆನ್ನು ಆಮೇಲೆ ಕೊಡಿ.