ಸೇಲಂ-ಧರ್ಮಪುರಿಯ ಕನ್ನಡ ಮಕ್ಕಳು ಮತ್ತು ರಂಗಸ್ಥಳ

ತಮಿಳುನಾಡಿನ ಭಾಷಾ ಅಲ್ಪಸಂಖ್ಯಾತ ಮಕ್ಕಳ ಸುದ್ದಿ ನಮ್ಮ ಕಡೆಗೆ ತಲುಪುವುದು ಪರೀಕ್ಷೆಯ ಕಾಲಕ್ಕೆ ಮಾತ್ರ. 2006ರ ತಮಿಳು ಕಲಿಕಾ ಕಾಯಿದೆ ಒಂದನೆಯ ತರಗತಿಯಿಂದ ಆರಂಭವಾಗಿ, ವರ್ಷಕ್ಕೊಂದು ತರಗತಿಯಂತೆ ಮೇಲೇರಿ, 2015-16ರಲ್ಲಿ ಹತ್ತನೆಯದನ್ನು ಮುಟ್ಟಿತು. ಅಂದಿನಿಂದ ಕನ್ನಡ, ತೆಲುಗು, ಉರ್ದು ಮಕ್ಕಳ ಹೆತ್ತವರು ನ್ಯಾಯಾಲಯದ ಮೆಟ್ಟಲು ಹತ್ತಿ ಇಳಿದದ್ದೇ ಆಯಿತು. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ವಿನಾಯಿತಿಯನ್ನು ಒಂದು ವರ್ಷದ ಮಟ್ಟಿಗೆ ಮುಂದುವರಿಸಿದಾಗ ಅಲ್ಲಿಯ ಅಧ್ಯಾಪಕರು ಎಷ್ಟು ನಿಟ್ಟುಸಿರು ಬಿಟ್ಟಿರಬಹುದೆಂಬುದು ನಮಗೆ ಗೊತ್ತು. 2017ರ ಮಲಯಾಳ ಕಡ್ಡಾಯ ಕಾಯಿದೆಯ ದಿನಗಳನ್ನು ಕಂಡ ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾನೂನಿನ ಹೋರಾಟ ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಮಗು ಪರೀಕ್ಷೆ ಬರೆಯುವುದು ತುಟಿ ಬಿಚ್ಚದೆ. ಅದೇ ಮಗು ತನ್ನ ಮನೆಮಾತಿನಲ್ಲಿ ನಾಲ್ಕು ಜನರ ಎದುರು ದನಿಯೆತ್ತಿ ಮಾತಾಡುವ ಜಾಗ ಯಾವುದು ಎಂಬ ಪ್ರಶ್ನೆಯನ್ನು ಯಾವ ಮನವಿಪತ್ರದಲ್ಲೂ ನಾವು ಕಂಡಿಲ್ಲ.

ಸೇಲಂ ಸೀಮೆಯ ಕನ್ನಡಿಗರೆಂದರೆ ಒಂದೇ ಬಗೆಯವರಲ್ಲ. ಸೇಲಂ ಪೇಟೆಯ ದೇವಾಂಗ ನೇಕಾರರ ಮನೆಗಳಲ್ಲಿ ಕನ್ನಡ ಇಂದಿಗೂ ಮಾತಾಗಿ ಉಳಿದಿದೆ, ಅಕ್ಷರವಾಗಿ ಅಲ್ಲ. ಮಗ್ಗದ ಬದಿಯಲ್ಲಿ ಅಜ್ಜಿ ಆಡಿದ ಮಾತನ್ನು ಮೊಮ್ಮಗ ತಮಿಳು ಲಿಪಿಯಲ್ಲಿ ಬರೆದುಕೊಳ್ಳುತ್ತಾನೆ. ಮೇಟೂರು, ಕೊಳತ್ತೂರು ಕಡೆಯವರದು ಕಾವೇರಿ ದಂಡೆಯ ಕೃಷಿಕರ ಕನ್ನಡ. ಇನ್ನು ಹೊಸೂರು, ಡೆಂಕಣಿಕೋಟೆಯ ಕಡೆ ಕನ್ನಡ ಮಾಧ್ಯಮದ ಶಾಲೆಗಳೇ ಇವೆ. ಈ ಭಾಗ ಮೊದಲು ಸೇಲಂ ಜಿಲ್ಲೆಯಲ್ಲಿತ್ತು, 1965ರಲ್ಲಿ ಧರ್ಮಪುರಿಗೆ ಸೇರಿತು, 2004ರಲ್ಲಿ ಕೃಷ್ಣಗಿರಿ ಜಿಲ್ಲೆಯಾಯಿತು. ಜಿಲ್ಲೆಯ ಹೆಸರು ಎರಡು ಸಲ ಬದಲಾದರೂ ಕನ್ನಡ ಶಾಲೆಯ ಮಗುವಿನ ಪಾಡು ಬದಲಾಗಲಿಲ್ಲ. 2011ರ ಜನಗಣತಿಯಂತೆ ತಮಿಳುನಾಡಿನಲ್ಲಿ ಕನ್ನಡ ಮನೆಮಾತಿನವರು ಸುಮಾರು 12.8 ಲಕ್ಷ, ಅಂದರೆ ನೂರಕ್ಕೆ ಎರಡು ಮಂದಿಯೂ ಇಲ್ಲ. ಇಷ್ಟು ಚದರಿದ ಜನರ ಮಕ್ಕಳಲ್ಲಿ ಬೆಳೆಯುವ ಮೊದಲ ಗುಣ ಸಂಕೋಚ. ಅಂಗಡಿಯಲ್ಲಿ, ಬಸ್ಸಿನಲ್ಲಿ ಮನೆಮಾತನ್ನು ತಗ್ಗಿದ ದನಿಯಲ್ಲಿ ಆಡಲು ಅವರು ಯಾರೂ ಹೇಳಿಕೊಡದೆ ಕಲಿಯುತ್ತಾರೆ. ನಮ್ಮ ಮಕ್ಕಳೂ ಹಾಗೆಯೇ ಕಲಿತವರು.

ವಿಚಿತ್ರವೆಂದರೆ ಆ ಸೀಮೆ ನಾಟಕದ ಸೀಮೆ. ಧರ್ಮಪುರಿಯ ದ್ರೌಪದಿಯಮ್ಮನ ಗುಡಿಗಳಲ್ಲಿ ಬೇಸಗೆ ಬಂತೆಂದರೆ ಹಗಲು ಭಾರತ ಪ್ರವಚನ, ಇರುಳು ತೆರುಕೂತ್ತು. ಅರ್ಜುನನ ವೇಷಧಾರಿ ತಪಸ್ಸಿಗೆಂದು ಎತ್ತರದ ಕಂಬ ಏರುತ್ತಾನೆ. ಕೊನೆಯ ದಿನ ಬಯಲಲ್ಲಿ ದುರ್ಯೋಧನನ ಬೃಹತ್ತಾದ ಮಣ್ಣಿನ ಆಕೃತಿ ಮಲಗಿರುತ್ತದೆ. ಯಕ್ಷಗಾನ ನೋಡಿ ಬೆಳೆದವರಿಗೆ ಇದೇನೂ ಅಪರಿಚಿತ ಲೋಕವಲ್ಲ. ಅಲ್ಲಿ ಕಟ್ಟಿಯಕ್ಕಾರನ್ ಮಾಡುವ ಕೆಲಸವನ್ನು ಇಲ್ಲಿ ನಮ್ಮ ಹಾಸ್ಯಗಾರ ಮಾಡುತ್ತಾನೆ. ಇಲ್ಲಿಯ ಹುಡುಗ ಕೋಡಂಗಿ, ಬಾಲಗೋಪಾಲರಿಂದ ಮೇಲೇರುವಂತೆ ಅಲ್ಲಿಯ ಹುಡುಗನೂ ಸಣ್ಣ ವೇಷದಿಂದಲೇ ಹೊರಡುತ್ತಾನೆ. ಸೇಲಂ ಪೇಟೆಯ ಮಾಡರ್ನ್ ಥಿಯೇಟರ್ಸನ್ನಂತೂ ಕೇರಳದವರು ಮರೆಯುವಂತಿಲ್ಲ. ಮಲಯಾಳದ ಮೊದಲ ವಾಕ್ಚಿತ್ರ ‘ಬಾಲನ್’ 1938ರಲ್ಲಿ ಹೊರಬಂದದ್ದು ಟಿ. ಆರ್. ಸುಂದರಂ ಅವರ ಆ ಸಂಸ್ಥೆಯಿಂದ. ಇಂದು ಏರ್ಕಾಡಿನ ದಾರಿಯಲ್ಲಿ ಅದರ ಕಮಾನು ಮಾತ್ರ ನಿಂತಿದೆ.

ಹಿಂದಿನ ಕಾಲದಲ್ಲಿ ರಂಗವೆಂದರೆ ಹೊಟ್ಟೆಪಾಡು. ತಮಿಳಿನ ಬಾಯ್ಸ್ ಕಂಪೆನಿಗಳಿಗೆ ಬಡವರು ಮಕ್ಕಳನ್ನು ಊಟಕ್ಕಾಗಿ ಒಪ್ಪಿಸುತ್ತಿದ್ದರು. ಎಂ. ಜಿ. ರಾಮಚಂದ್ರನ್, ಶಿವಾಜಿ ಗಣೇಶನ್ ಹೀಗೆ ಎಳವೆಯಲ್ಲೇ ಕಂಪೆನಿ ಸೇರಿದವರು. ಕನ್ನಡಿಗರಿಗೆ ಹತ್ತಿರದ ಉದಾಹರಣೆ ರಾಜಕುಮಾರ್. 1929ರಲ್ಲಿ ಅವರು ಹುಟ್ಟಿದ ಗಾಜನೂರು ಇಂದು ಈರೋಡ್ ಜಿಲ್ಲೆಯ ತಾಳವಾಡಿ ಕಡೆಯ ಹಳ್ಳಿ. ಶಾಲೆಯನ್ನು ಎಳವೆಯಲ್ಲೇ ಬಿಟ್ಟು ತಂದೆಯೊಂದಿಗೆ ಗುಬ್ಬಿ ಕಂಪೆನಿ ಸೇರಿದ ಆ ಹುಡುಗ 1954ರಲ್ಲಿ ‘ಬೇಡರ ಕಣ್ಣಪ್ಪ’ನಾದ. ತಮಿಳುನಾಡಿನ ಕನ್ನಡ ಹಳ್ಳಿಯಿಂದ ಹೊರಟ ದನಿ ಇಡೀ ಕನ್ನಡಕ್ಕೆ ಮಾದರಿಯ ಉಚ್ಚಾರವಾದುದು ಆ ಕಂಪೆನಿಯ ಪಳಗಿಕೆಯಿಂದ. ಅದೇ ಕಂಪೆನಿಗೆ ಮನೆಬಿಟ್ಟು ಓಡಿಹೋದ ಮಂಚಿಯ ಹುಡುಗ ಬಿ. ವಿ. ಕಾರಂತರನ್ನು ಗುಬ್ಬಿ ವೀರಣ್ಣನವರು ಎಂ. ಎ. ಓದಲು ಕಾಶಿಗೆ ಕಳಿಸಿದರು.

ಈ ಕಥೆಗಳನ್ನು ವಾರ್ಷಿಕೋತ್ಸವದ ಭಾಷಣಗಳಲ್ಲಿ ಕೇಳಿ ಕೇಳಿ ನಮಗೆ ಸಾಕಾಗಿದೆ. ಒಬ್ಬ ರಾಜಕುಮಾರರ ಹಿಂದೆ ಶಾಲೆಯೂ ಇಲ್ಲದೆ, ಬಣ್ಣವೂ ದಕ್ಕದೆ ಹೋದ ನೂರು ಹುಡುಗರಿದ್ದಾರೆ. ಅವರ ಮಾತನ್ನು ಯಾರೂ ಎತ್ತುವುದಿಲ್ಲ. ಈಗ ಮಗುವನ್ನು ಶಾಲೆ ಬಿಡಿಸಿ ರಂಗಕ್ಕೆ ಕಳಿಸಬೇಕಾದ ಅಗತ್ಯವೂ ಇಲ್ಲ. ಆಸಕ್ತಿಯಿದ್ದವರಿಗೆ 1980ರಿಂದ ಹೆಗ್ಗೋಡಿನಲ್ಲಿ ನೀನಾಸಮ್ ಶಿಕ್ಷಣ ಕೇಂದ್ರವಿದೆ, 1977ರಿಂದ ತೃಶೂರಿನಲ್ಲಿ ಸ್ಕೂಲ್ ಆಫ್ ಡ್ರಾಮಾ ಇದೆ. ಅಲ್ಲಿಗೆ ಹೋಗುವವರು ಬೆರಳೆಣಿಕೆಯವರು. ಉಳಿದವರಿಗೆ ನಾಟಕದಿಂದ ಏನು ಸಿಕ್ಕೀತು ಎಂಬುದೇ ಅಧ್ಯಾಪಕರಾದ ನಮ್ಮ ಪ್ರಶ್ನೆ.

ನಾವು ಕಂಡ ಒಬ್ಬ ಹುಡುಗನ ಮಾತು ಹೇಳುತ್ತೇವೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ. ಮೂರರಲ್ಲೂ ಮೌನಿ. ಹಾಜರಿ ಕರೆದರೆ ಪಕ್ಕದವನು ಅವನ ಪರವಾಗಿ ಉತ್ತರಿಸುತ್ತಿದ್ದ. ಶಾಲೆಯ ತಾಳಮದ್ದಳೆಗೆ ಅರ್ಥ ಹೇಳುವ ಮಕ್ಕಳು ಸಾಲದೆ ಅವನನ್ನೂ ಕೂರಿಸಿದೆವು. ವಾಲಿಮೋಕ್ಷದ ಸುಗ್ರೀವ. ಬರೆದು ಕೊಟ್ಟದ್ದು ಎರಡೇ ನಿಮಿಷಕ್ಕೆ ಮರೆತುಹೋಯಿತು. ಆದರೆ ಎದುರು ಕುಳಿತ ವಾಲಿ ಬಿಡಬೇಕಲ್ಲ! ‘ನೀನು ಗುಹೆಯ ಬಾಯಿಗೆ ಬಂಡೆ ಮುಚ್ಚಿದ್ದು ಯಾಕೆ?’ ಎಂದು ಮೂರು ಸಲ ಕೇಳಿದ. ಕೊನೆಗೆ ನಮ್ಮ ಸುಗ್ರೀವ, ಅರ್ಧ ತುಳು ಬೆರೆತ ಕನ್ನಡದಲ್ಲಿ, ‘ನನಗೆ ಹೆದರಿಕೆಯಾಯಿತು ಅಣ್ಣಾ’ ಎಂದ. ಸಭೆ ನಕ್ಕಿತು. ಅವನು ಮಾತು ನಿಲ್ಲಿಸಲಿಲ್ಲ. ಹೆದರಿಕೆ ಯಾಕಾಯಿತೆಂಬುದನ್ನು ಹತ್ತು ನಿಮಿಷ ವಿವರಿಸಿದ. ಇಂದು ಅವನು ಸಹಕಾರಿ ಬ್ಯಾಂಕೊಂದರಲ್ಲಿ ಕೌಂಟರಿನ ಹಿಂದೆ ಕುಳಿತು ದಿನವಿಡೀ ಮಲಯಾಳದಲ್ಲಿ ವ್ಯವಹರಿಸುತ್ತಾನೆ. ಕೆಲಸದ ಸಂದರ್ಶನದಲ್ಲಿ ಉತ್ತರ ಹೊಳೆಯದಾಗ ತನಗೆ ನೆನಪಾದುದು ವಾಲಿಯ ಮುಖ ಎಂದು ಅವನೇ ನಮ್ಮಲ್ಲಿ ಹೇಳಿದ್ದುಂಟು.

ಕಂಠಪಾಠದ ಭಾಷಣ ಇದನ್ನು ಕೊಡುವುದಿಲ್ಲ. ಎದುರಿನವನ ಮಾತು ಕೇಳಿಸಿಕೊಂಡು ಅಲ್ಲಿಯೇ ಉತ್ತರ ಕಟ್ಟಬೇಕಾದ ಕಟ್ಟುಪಾಡು ರಂಗದಲ್ಲಿದೆ. ಅದರಲ್ಲೂ ತಾಳಮದ್ದಳೆಗೆ ವೇಷದ ಖರ್ಚಿಲ್ಲ, ಬೆಳಕಿನ ಬಾಡಿಗೆಯಿಲ್ಲ. ಅರ್ಥಧಾರಿಯಾಗಿ ಹೆಸರಾದ ಕುಂಬಳೆ ಸುಂದರ ರಾಯರು 1994ರಲ್ಲಿ ಸುರತ್ಕಲ್ಲಿನಿಂದ ಕರ್ನಾಟಕ ವಿಧಾನಸಭೆಗೆ ಆರಿಸಿ ಹೋದಾಗ, ಮಾತಿನ ಪಟ್ಟು ಎಲ್ಲಿಯ ಕಲಿಕೆಯೆಂದು ಯಾರೂ ಕೇಳಬೇಕಾಗಿರಲಿಲ್ಲ.

ಕೇರಳದ ನಾವು ಒಂದು ವಿಷಯದಲ್ಲಿ ಅದೃಷ್ಟವಂತರು. 1957ರಲ್ಲಿ ಮೊದಲಾದ ಶಾಲಾ ಕಲೋತ್ಸವದಲ್ಲಿ ಈಗ ಯಕ್ಷಗಾನವಿದೆ, ಕನ್ನಡ ಭಾಷಣ, ಪದ್ಯಗಳಿಗೂ ಎಡೆಯಿದೆ. ಕನ್ನಡದ ಗಂಧವಿಲ್ಲದ ಜಿಲ್ಲೆಗಳ ಮಕ್ಕಳೂ ಇಲ್ಲಿಯ ಗುರುಗಳಿಂದ ಕಲಿತು ಯಕ್ಷಗಾನ ಕುಣಿಯುವುದನ್ನು ಕಾಣುವಾಗ ಸಂತೋಷವೇ ಆಗುತ್ತದೆ. ಆದರೆ ಗ್ರೇಸ್ ಮಾರ್ಕು ಬಂದಲ್ಲಿ ಹಣವೂ ಬಂತು. ಬಾಡಿಗೆ ವೇಷ, ಸಂಬಳದ ತರಬೇತುದಾರ, ಸೋತರೆ ಅಪೀಲು. ಆಯ್ಕೆಯಾಗುವುದು ಮೊದಲೇ ಬಾಯಿ ಇರುವ ಮಗು. ನಮ್ಮ ಸುಗ್ರೀವನಂಥವನು ಉಪಜಿಲ್ಲೆಯ ಬಾಗಿಲೂ ದಾಟಲಾರ. ಈ ತಪ್ಪಿನಲ್ಲಿ ಅಧ್ಯಾಪಕರಾದ ನಮಗೂ ಪಾಲಿದೆ, ಶಾಲೆಗೆ ಬಹುಮಾನ ಬೇಕೆಂಬ ಆಸೆ ನಮಗೂ ಇದೆ.

ತಮಿಳುನಾಡು ಸರಕಾರ 2022-23ರಿಂದ ತನ್ನ ಶಾಲೆಗಳಲ್ಲಿ ‘ಕಲೈ ತಿರುವಿಳಾ’ ನಡೆಸತೊಡಗಿದೆ. ಗೆದ್ದವರಿಗೆ ಕಲೈಯರಸನ್, ಕಲೈಯರಸಿ ಎಂಬ ಬಿರುದೂ ಉಂಟು. ಬಡ ಮಕ್ಕಳ ಮಟ್ಟಿಗೆ ಇದು ಒಳ್ಳೆಯ ಹೆಜ್ಜೆಯೆಂದು ನಾವು ಮನಸಾರೆ ಒಪ್ಪುತ್ತೇವೆ. ಹೊಸೂರು ಕಡೆಯ ಕನ್ನಡ ಶಾಲೆಯ ಮಗು ತನ್ನ ಮಾತಿನಲ್ಲೇ ನಾಟಕವಾಡಿ ಆ ವೇದಿಕೆಯಲ್ಲಿ ಜಿಲ್ಲಾಮಟ್ಟಕ್ಕೆ ಏರುವಂತಿರಬೇಕು, ತೀರ್ಪುಗಾರರ ಸಾಲಿನಲ್ಲಿ ಆ ಮಾತು ಬಲ್ಲವರೊಬ್ಬರು ಇರಬೇಕು. ಅಲ್ಲಿಯ ಕನ್ನಡ ಸಂಘಗಳು ಪರೀಕ್ಷೆಯ ವಿನಾಯಿತಿಗಾಗಿ ಬರೆಯುವ ಅರ್ಜಿಯಲ್ಲೇ ಇದನ್ನೂ ಸೇರಿಸಬಹುದು. ಕಲೆ ಮತ್ತು ಓದು ಜೊತೆಗೂಡವೆಂಬ ವಾದಕ್ಕೂ ತಮಿಳುನಾಡಿನಲ್ಲೇ ಉತ್ತರವಿದೆ. ಕಾಂಚೀಪುರದ ಬಳಿಯ ಕಟ್ಟೈಕ್ಕೂತ್ತು ಗುರುಕುಲ 2002ರಿಂದ 2020ರ ತನಕ ಗಂಡು-ಹೆಣ್ಣು ಮಕ್ಕಳಿಬ್ಬರಿಗೂ ಶಾಲೆಯ ಪಾಠವನ್ನೂ ಕೂತ್ತನ್ನೂ ಒಂದೇ ಅಂಗಳದಲ್ಲಿ ಕಲಿಸಿತು.

ಸೇಲಂ ಪೇಟೆಯ ನೇಕಾರರ ಮಕ್ಕಳಿಗಾದರೆ ಕನ್ನಡ ಶಾಲೆಗಾಗಿ ಕಾಯುವಂತೆಯೂ ಇಲ್ಲ. ಅಕ್ಷರ ಬಾರದವನೂ ಅರ್ಥ ಹೇಳಬಲ್ಲ. ಚೌಡೇಶ್ವರಿಯ ಉತ್ಸವಕ್ಕೆ ಕತ್ತಿ ಹಿಡಿದು ಅಲಗುಸೇವೆಗೆ ಇಳಿಯುವ ಹುಡುಗರಿಗೆ ಧೈರ್ಯದ ಕೊರತೆಯೂ ಇರಲಾರದು. ವರ್ಷಕ್ಕೆ ಹತ್ತಿಪ್ಪತ್ತು ಕೂಟ ನಡೆಸುವ ನಮ್ಮ ತಾಳಮದ್ದಳೆ ಸಂಘಗಳು ಒಂದು ಬೇಸಗೆಯ ರಜೆಯಲ್ಲಿ ಇಬ್ಬರು ಅರ್ಥಧಾರಿಗಳನ್ನೂ ಒಬ್ಬ ಭಾಗವತರನ್ನೂ ಅತ್ತ ಕಳಿಸಿಕೊಟ್ಟರೆ ಒಂದು ವಾರದಲ್ಲಿ ಒಂದು ಪ್ರಸಂಗ ಕೂರಿಸಬಹುದು. ಮಂಗಳೂರಿನಿಂದ ಹೊರಡುವ ರೈಲು ನಮ್ಮ ಕಾಸರಗೋಡನ್ನು ಹಾದು ಸೇಲಂಗೇ ಹೋಗುತ್ತದೆ.