‘ಏನೂ ಸಿಗಲಿಲ್ಲ’ ಅನ್ನೋ ಮೊದಲು...

ಕನ್ನಡ ಪುಸ್ತಕ ಮಾರೋ ಯಾವುದಾದ್ರೂ ಹಳೇ ವೆಬ್‌ಸೈಟಿಗೆ ಹೋಗಿ ‘ಭವ’ ಅಂತ ಹುಡುಕಿ ನೋಡಿ. ಅನಂತಮೂರ್ತಿಯವರ ಕಾದಂಬರಿ, ಎರಡೇ ಅಕ್ಷರದ ಹೆಸರು. ಸಾಮಾನ್ಯವಾಗಿ ಎರಡರಲ್ಲಿ ಒಂದು ಆಗತ್ತೆ. ಒಂದೋ ‘ಏನೂ ಸಿಗಲಿಲ್ಲ’ ಅಂತ ಕೈ ಚೆಲ್ಲತ್ತೆ. ಇಲ್ಲಾಂದ್ರೆ ‘ಅನುಭವ’, ‘ವೈಭವ’, ‘ಸಂಭವ’ ಅಂತ ಹೆಸರಲ್ಲಿ ಭವ ಇರೋದನ್ನೆಲ್ಲ ತಂದು ಸುರಿಯತ್ತೆ. ನಿಮಗೆ ಬೇಕಾಗಿದ್ದು ಮೂರನೇ ಪುಟದಲ್ಲಿ ಎಲ್ಲೋ ಕೂತಿರತ್ತೆ.

ಇಂಥ ಒಂದು ಸಣ್ಣ ಪುಸ್ತಕದಂಗಡಿಯ ಸೈಟನ್ನ ನೋಡಿಕೊಳ್ಳೋದು ಕೆಲವು ವರ್ಷಗಳಿಂದ ನನ್ನ ಬಿಡುವಿನ ವೇಳೆಯ ಕೆಲಸ. ಹೆಸರು ಬೇಡ ಬಿಡಿ. ಅಂಗಡಿ ಯಜಮಾನರು ಆಗಾಗ ಫೋನ್ ಮಾಡಿ “ಸಾರ್, ಈ ಸರ್ಚು ಕಿತ್ತಾಕಿ ಹೊಸಾದು ಹಾಕ್ಬಿಡಿ” ಅನ್ನುತ್ತಿದ್ದರು. ಅವರ ಸಿಟ್ಟು ನ್ಯಾಯವಾದದ್ದೇ. ಆದ್ರೆ ಹೊಸದು ಹಾಕಿದ ಮಾತ್ರಕ್ಕೆ ಪುಸ್ತಕ ಸಿಗತ್ತೆ ಅನ್ನೋ ನಂಬಿಕೆ ಇದೆಯಲ್ಲ, ಅದರ ಬಗ್ಗೆ ನನ್ನ ತಕರಾರಿದೆ. ಮೊದಲು ಇರೋದನ್ನ ರಿಪೇರಿ ಮಾಡಬೇಕು, ಆಮೇಲೆ ಬದಲಾಯಿಸಬೇಕು. ಯಾಕೆ ಅಂತ ಹೇಳ್ತೀನಿ.

ಆ ಸೈಟು ನಿಂತಿದ್ದು ಮೆಜೆಂಟೊ 1 ಮೇಲೆ. 2008ರಲ್ಲಿ ಬಂದ ಈ ತಂತ್ರಾಂಶ ಬಿಟ್ಟಿಯಾಗಿ ಸಿಗುತ್ತಿದ್ದರಿಂದ ಸಣ್ಣಪುಟ್ಟ ಅಂಗಡಿಗಳೆಲ್ಲ ಅದನ್ನೇ ಹಾಕಿಕೊಂಡವು. ಅದರಲ್ಲಿ ಹುಡುಕೋ ಕೆಲಸ ಮಾಡೋದು ಮೈಎಸ್‌ಕ್ಯೂಎಲ್ ಅನ್ನೋ ಡೇಟಾಬೇಸೇ. ಅದಕ್ಕೆ ಎರಡು ದಾರಿ ಗೊತ್ತು. ಒಂದು ‘ಲೈಕ್’. ಕೇಳಿದ ಅಕ್ಷರಗಳು ಹೆಸರಿನ ಹೊಟ್ಟೆಯಲ್ಲಿ ಎಲ್ಲಿದ್ದರೂ ಸರಿ, ಎತ್ತಿಕೊಂಡು ಬರತ್ತೆ. ‘ಮರ’ ಕೇಳಿದ್ರೆ ‘ಅಮರ’, ‘ಸಮರ’. ‘ರಸ’ ಕೇಳಿದ್ರೆ ‘ಸರಸ್ವತಿ’ ಕೂಡಾ! ಇನ್ನೊಂದು ‘ಫುಲ್‌ಟೆಕ್ಸ್ಟ್’. ಇದು ಇಡೀ ಪದಗಳನ್ನೇ ಪಟ್ಟಿ ಮಾಡಿ ಇಟ್ಟುಕೊಳ್ಳತ್ತೆ. ಆದ್ರೆ ಹಳೇ ಮೈಐಸ್ಯಾಮ್ ಟೇಬಲ್ಲುಗಳಲ್ಲಿ 4 ಅಕ್ಷರಕ್ಕಿಂತ ಚಿಕ್ಕ ಪದ ಆ ಪಟ್ಟಿಗೆ ಸೇರೋದೇ ಇಲ್ಲ, ಸೆಟ್ಟಿಂಗ್ ಬದಲಾಯಿಸದ ಹೊರತು. ಇಂಗ್ಲಿಷಿನ ಪುಡಿ ಪದಗಳನ್ನ ಸೋಸೋದಕ್ಕೆ ಅಂತ ಇಟ್ಟ ಜರಡಿಯಲ್ಲಿ ನಮ್ಮ ‘ಭವ’ ಕೆಳಗೆ ಬಿದ್ದು ಹೋಯ್ತು. ಆ ಒಂದು ಅಂಕಿ ಬದಲಿಸಿ ಇಂಡೆಕ್ಸ್ ಮತ್ತೆ ಕಟ್ಟಿದ್ರೆ ಈ ತೊಂದರೆ ತಪ್ಪತ್ತೆ. ಅದಕ್ಕೆ ಹೊಸ ಅಂಗಡಿ ಕಟ್ಟಬೇಕಾಗಿಲ್ಲ.

ಇಷ್ಟೇ ಆಗಿದ್ರೆ ಈ ಬರಹ ಬೇಕಿರಲಿಲ್ಲ. ನಿಜವಾದ ಗೋಳು ಬೇರೆ ಕಡೆ ಇದೆ.

ಹುಡುಕಿದ ಪದ, ಎಷ್ಟು ಸಲ ಹುಡುಕಿದರು, ಎಷ್ಟು ಸಿಕ್ಕಿತು, ಇಷ್ಟನ್ನೂ ಮೆಜೆಂಟೊ ಬರೆದಿಡತ್ತೆ. ಅಡ್ಮಿನ್ ಒಳಗೆ ‘ಸರ್ಚ್ ಟರ್ಮ್ಸ್’ ಅಂತ ಒಂದು ಪುಟ. ಬಹಳಷ್ಟು ಅಂಗಡಿಯವರು ಅದನ್ನ ತೆರೆದೇ ನೋಡಿರಲ್ಲ. ನಾನು ಅದರಲ್ಲಿ ಸೊನ್ನೆ ಫಲಿತಾಂಶದ ಸಾಲುಗಳನ್ನ ಮಾತ್ರ ತೆಗೆದು ಓದುತ್ತಾ ಕೂತೆ. ಅಂಗಡಿಯಲ್ಲಿ ಇಲ್ಲದ ಪುಸ್ತಕಗಳ ಹೆಸರೇ ಇರತ್ತೆ ಅಂದುಕೊಂಡಿರ್ತೀರಿ. ಅಲ್ಲ! ಬಹುತೇಕ ಪುಸ್ತಕಗಳು ಗೋಡೌನಿನಲ್ಲೇ ಇದ್ದವು.

‘ಕಾರಂತ’ ಅಂತ ಸರಿಯಾಗಿ ಬರೆದವರಿಗೆ ಕಾರಂತರ ಅರ್ಧ ಪುಸ್ತಕಗಳು ಕಾಣುತ್ತಿರಲಿಲ್ಲ. ಯಾಕಂದ್ರೆ ಕ್ಯಾಟಲಾಗಿನಲ್ಲಿ ಅವು ‘ಕಾರ೦ತ’ ಅಂತ ಇದ್ದವು. ಏನು ವ್ಯತ್ಯಾಸ ಅಂತೀರಾ? ಮೊದಲನೆಯದರಲ್ಲಿ ಅನುಸ್ವಾರ, ಎರಡನೆಯದರಲ್ಲಿ ಕನ್ನಡದ ಸೊನ್ನೆ ಅಂಕಿ! ನಮ್ಮಲ್ಲಿ ಎಷ್ಟು ಬ್ಲಾಗುಗಳಲ್ಲಿ ಹೀಗೆ ಸೊನ್ನೆ ಒತ್ತಿ ‘ಕ೦ಪ್ಯೂಟರ್’ ಅಂತ ಬರೆದಿದ್ದಾರೋ, ನಿಮಗೆ ಗೊತ್ತೇ ಇದೆ :-) ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ.

ಇನ್ನು ಓಕಾರ. ‘ೋ’ ಅನ್ನೋದನ್ನ ಯುನಿಕೋಡಿನಲ್ಲಿ ಒಂದೇ ಚಿಹ್ನೆಯಾಗಿಯೂ ಇಡಬಹುದು, ಎತ್ವ, ಕೊಂಬಿನ ದೀರ್ಘ, ಕೊನೆಗೆ ದೀರ್ಘದ ಗುರುತು ಅಂತ ಮೂರು ತುಂಡಾಗಿಯೂ ಇಡಬಹುದು. ಪ್ರಕಾಶಕರು ಹಳೇ ಫಾಂಟಿನಲ್ಲಿ ಕಳಿಸಿದ ಪಟ್ಟಿಗಳನ್ನ ಯಾವುದೋ ಪರಿವರ್ತಕಕ್ಕೆ ಹಾಕಿ ತೆಗೆದದ್ದರಿಂದ ಎರಡೂ ಬಗೆಯವು ಬೆರೆತು ಹೋಗಿದ್ದವು. ಜೊತೆಗೆ ‘ಸಾಫ್ಟ್‌ವೇರ್’ನಂಥ ಪದಗಳ ನಡುವೆ ಕಣ್ಣಿಗೆ ಕಾಣದೆ ಕೂತಿರೋ ಆ ಶೂನ್ಯ ಅಗಲದ ಅಕ್ಷರ. ಒಂದು ಕಡೆ ಇದೆ, ಒಂದು ಕಡೆ ಇಲ್ಲ.

ಇದಕ್ಕೆಲ್ಲ ಕಳಶ ಇಟ್ಟಂತೆ, ಯಾರೋ ಬರೆದುಕೊಟ್ಟ ಒಂದು ಎಕ್ಸ್‌ಟೆನ್ಷನ್ನು. ಹುಡುಕೋ ಪದದಿಂದ ‘ಅಕ್ಷರ ಅಲ್ಲದ್ದನ್ನ’ ತೆಗೆದುಹಾಕೋದು ಅದರ ಕೆಲಸ. ಯುನಿಕೋಡ್ ಲೆಕ್ಕದಲ್ಲಿ ನಮ್ಮ ಗುಣಿತದ ಚಿಹ್ನೆಗಳು, ಹಲಂತ, ಅನುಸ್ವಾರ ಇವೆಲ್ಲ ‘ಅಕ್ಷರ’ ಅಲ್ಲ, ‘ಗುರುತು’ಗಳು. ಹಾಗಾಗಿ ‘ಪುಸ್ತಕ’ ಅಂತ ಹಾಕಿದ್ರೆ ಅದು ಒಳಗೆ ಹೋಗಿ ‘ಪ ಸ ತಕ’ ಆಗ್ತಿತ್ತು. ಬರೆದವರು ಇಂಗ್ಲಿಷಿನಲ್ಲಿ ಪರೀಕ್ಷೆ ಮಾಡಿ ಸರಿಯಿದೆ ಅಂದಿರಬೇಕು. ಗುರುತುಗಳನ್ನೂ ಬಿಡು ಅಂತ ಒಂದು ಸಾಲಿನಲ್ಲಿ ಸೇರಿಸಿದ್ರೆ ಮುಗೀತು.

ಈಗ ಹೇಳಿ, ಇದರಲ್ಲಿ ಹಳೇ ಸರ್ಚಿನ ತಪ್ಪು ಎಷ್ಟು? ಅದೇ ಕೊಳೆ ತುಂಬಿದ ಕ್ಯಾಟಲಾಗನ್ನ ಹೊಸ ಇಂಜಿನ್ನಿಗೆ ಸುರಿದ್ರೆ ಅದೂ ‘ಕಾರ೦ತ’ರನ್ನ ಬೇರೆ ಲೇಖಕ ಅಂತಲೇ ತಿಳಿಯತ್ತೆ. ಅದಕ್ಕೇ ನಾನು ಹಟ ಹಿಡಿದದ್ದು, ಮೊದಲು ಕ್ಯಾಟಲಾಗ್ ತೊಳೀಬೇಕು ಅಂತ. ಅಕ್ಷರಗಳ ನಡುವಿನ ಸೊನ್ನೆಯನ್ನ ಅನುಸ್ವಾರ ಮಾಡೋದು, ತುಂಡು ಓಕಾರಗಳನ್ನ ಒಂದಾಗಿಸೋದು, ಕಾಣದ ಅಕ್ಷರವನ್ನ ಹುಡುಕೋ ಪಟ್ಟಿಯಿಂದ ಕಳಚೋದು. ಹುಡುಕುವವರು ಬರೆದ ಪದಕ್ಕೂ ಇದೇ ಸ್ನಾನ ಆಗಬೇಕು, ಒಂದು ಕಡೆ ಮಾತ್ರ ಆದ್ರೆ ಪ್ರಯೋಜನ ಇಲ್ಲ.

ಹಾಗಂತ ಹಳೆಯದನ್ನೇ ಅಪ್ಪಿಕೊಂಡು ಕೂರಿ ಅಂತ ಹೇಳ್ತಿಲ್ಲ. ಮೆಜೆಂಟೊ 1ಕ್ಕೆ ಕಂಪನಿಯ ಕಡೆಯಿಂದ ಸುರಕ್ಷತೆಯ ಪ್ಯಾಚುಗಳು 2020ರ ಜೂನ್ 30ಕ್ಕೆ ನಿಂತವು. ಗ್ರಾಹಕರ ದುಡ್ಡು, ವಿಳಾಸ ಮುಟ್ಟೋ ಸೈಟನ್ನ ಹಾಗೇ ಬಿಡೋದು ಸರಿಯಲ್ಲ. ಓಪನ್‌ಮೇಜ್ ಅಂತ ಸಮುದಾಯದವರು ನಡೆಸೋ ಕವಲು ಇದೆ, ಅದಕ್ಕೆ ದಾಟಿಕೊಂಡ್ರೆ ಉಸಿರಾಡೋಕೆ ಸಮಯ ಸಿಗತ್ತೆ. ಮೆಜೆಂಟೊ 2ಕ್ಕೆ ಹೋಗೋದಾದ್ರೆ, 2020ರಲ್ಲಿ ಬಂದ 2.4ನೇ ಆವೃತ್ತಿ ಮೈಎಸ್‌ಕ್ಯೂಎಲ್ ಸರ್ಚನ್ನ ತೆಗೆದೇ ಹಾಕಿತು, ಎಲಾಸ್ಟಿಕ್‌ಸರ್ಚ್‌ನಂಥ ಬೇರೆ ಇಂಜಿನ್ ಕಡ್ಡಾಯ. ಅದು ಜಾವಾದಲ್ಲಿ ಓಡೋ ಪ್ರತ್ಯೇಕ ಸರ್ವರು, ಗಿಗಾಬೈಟ್ ಲೆಕ್ಕದಲ್ಲಿ ಮೆಮೊರಿ ಕೇಳತ್ತೆ. ತಿಂಗಳ ಬಾಡಿಗೆ ಏರತ್ತೆ, ನೋಡಿಕೊಳ್ಳೋಕೆ ಜನ ಬೇಕು. ಕೊಟ್ಟ ಕಾಸಿಗೆ ಮೋಸ ಇಲ್ಲ ಅನ್ನಿ. ಪದ ಒಡೆಯೋದನ್ನ ಯುನಿಕೋಡ್ ನಿಯಮದ ಪ್ರಕಾರ ಮಾಡತ್ತೆ, ಗುಣಿತಗಳನ್ನ ಕತ್ತರಿಸಲ್ಲ, ಯಾವುದು ಮೇಲೆ ಬರಬೇಕು ಅನ್ನೋ ಲೆಕ್ಕಾಚಾರ ಬಹಳ ಚೆನ್ನಾಗಿದೆ.

ಆದ್ರೆ ಅದಕ್ಕೂ ಕನ್ನಡ ಬರಲ್ಲ. ಸಿದ್ಧವಾಗಿ ಬರೋ ಭಾಷೆಗಳ ಪಟ್ಟಿಯಲ್ಲಿ ಹಿಂದಿ ಇದೆ, ಬಂಗಾಳಿ ಇದೆ, ಕನ್ನಡ ಇಲ್ಲ. ‘ಕಾಡಿನ’, ‘ಕಾಡಿಗೆ’, ‘ಕಾಡಲ್ಲಿ’ ಎಲ್ಲ ಕಾಡೇ ಅಂತ ಹೇಳಿಕೊಡೋರು ಯಾರು? ಹೇಳಿಕೊಟ್ರೂ, ಕಣ್ಣಿಗೆ ಹಚ್ಚೋ ಕಾಡಿಗೆ ಏನು ಮಾಡಬೇಕು? ಕಾಗುಣಿತ ತಪ್ಪಿದ್ರೂ ಹುಡುಕಿಕೊಡೋ ಸೌಲಭ್ಯದ ಕಥೆ ಇನ್ನೂ ಮಜವಾಗಿದೆ. ತಾನೇ ತೀರ್ಮಾನಿಸಲಿ ಅಂತ ಬಿಟ್ರೆ 3ರಿಂದ 5 ಅಕ್ಷರದ ಪದಕ್ಕೆ ಒಂದು ತಪ್ಪನ್ನ ಮನ್ನಿಸತ್ತೆ. ಗುಣಿತದ ಚಿಹ್ನೆಯೂ ಒಂದು ಅಕ್ಷರ ಅಂತಲೇ ಅದರ ಲೆಕ್ಕ. ಹಾಗಾಗಿ ‘ಕವಿ’ ಅಂತ ಹುಡುಕಿದ್ರೆ ‘ಕಪಿ’ಯೂ ಬರಬಹುದು. ಕವಿಗಳು ಕ್ಷಮಿಸಬೇಕು!

ಯಾವ ಇಂಜಿನ್ನೂ ತಾನಾಗಿ ತಿಳಿಯದ ಇನ್ನೊಂದು ವಿಷಯ ಇದೆ. ಅಂಬಿಕಾತನಯದತ್ತ ಅಂದ್ರೆ ಬೇಂದ್ರೆ, ಶ್ರೀರಂಗ ಅಂದ್ರೆ ಆದ್ಯ ರಂಗಾಚಾರ್ಯ, ಶ್ರೀನಿವಾಸ ಅಂದ್ರೆ ಮಾಸ್ತಿ. ಬೀಚಿಯವರಂತೂ ತಮ್ಮ ಹೆಸರನ್ನ ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡವರು. ಇದನ್ನೆಲ್ಲ ಸಮಾನಪದಗಳ ಪಟ್ಟಿಯಾಗಿ ಯಾರಾದ್ರೂ ಕೂತು ಬರೀಬೇಕು, ಅದೂ ವಿವೇಚನೆಯಿಂದ. ಮಾಸ್ತಿ ಅಂದವರಿಗೆ ಶ್ರೀನಿವಾಸರ ಪುಸ್ತಕ ತೋರಿಸಬಹುದು. ಶ್ರೀನಿವಾಸ ಅಂದವರಿಗೆಲ್ಲ ಮಾಸ್ತಿಯನ್ನೇ ತೋರಿಸಿದ್ರೆ, ಆ ಹೆಸರಿನ ಬೇರೆ ಲೇಖಕರು ಏನು ಮಾಡಬೇಕು? ಅಂದಹಾಗೆ ಒಂದು ಪದಕ್ಕೆ ಸಮಾನಪದ ಕೊಡೋ ಜಾಗ ಆ ಹಳೇ ‘ಸರ್ಚ್ ಟರ್ಮ್ಸ್’ ಪುಟದಲ್ಲೂ ಇದೆ. ಖಾಲಿ ಬಿದ್ದಿದೆ ಅಷ್ಟೆ.

ಈ ಪಟ್ಟಿ ಬರೆಯೋಕೆ ಸರಿಯಾದ ಜನ ನಮ್ಮಂಥ ಪ್ರೋಗ್ರಾಮರುಗಳಲ್ಲ. ಅಂಗಡಿಯ ಕೌಂಟರಿನಲ್ಲಿ ಇಪ್ಪತ್ತು ವರ್ಷ ನಿಂತು, ಅರ್ಧ ಹೆಸರು ಹೇಳಿದ್ರೂ ಪುಸ್ತಕ ಎಳೆದು ಕೊಡೋ ಆ ಹಿರಿಯ ಸಹಾಯಕರಿದ್ದಾರಲ್ಲ, ಅವರು. ವಾರಕ್ಕೊಂದು ಗಂಟೆ ಅವರನ್ನ ಆ ಸೊನ್ನೆ ಫಲಿತಾಂಶದ ಪಟ್ಟಿಯ ಮುಂದೆ ಕೂರಿಸಿ ಅಂತ ಯಜಮಾನರಿಗೆ ಹೇಳಿದ್ದೀನಿ. ಈ ಪಟ್ಟಿ ನಾಳೆ ಯಾವ ಇಂಜಿನ್ ಬಂದ್ರೂ ಜೊತೆಗೆ ಹೋಗತ್ತೆ. ಅಂಗಡಿಯ ಆಸ್ತಿ ಅದು.

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಾ ಅಂದ್ರೆ, ಹೌದು. ದೊಡ್ಡ ಲೇಖಕರ ಪುಸ್ತಕ ಹೇಗೋ ಸಿಗತ್ತೆ, ಮುಖಪುಟದಲ್ಲೇ ಜೋಡಿಸಿರ್ತಾರೆ. ಆದ್ರೆ ಕೈಯಿಂದ ದುಡ್ಡು ಹಾಕಿ ಒಂದಿಷ್ಟು ಪ್ರತಿ ಅಚ್ಚು ಹಾಕಿಸಿದ ಹೊಸ ಕವಯಿತ್ರಿಯ ಸಂಕಲನಕ್ಕೆ ಆ ಪುಟ್ಟ ಡಬ್ಬಿ ಬಿಟ್ರೆ ಬೇರೆ ಬಾಗಿಲಿಲ್ಲ. ಪೇಟೆಯಲ್ಲಿ ಕನ್ನಡ ಪುಸ್ತಕದಂಗಡಿಯೇ ಇಲ್ಲದ ಊರಿನ ಓದುಗರಿಗೂ ಅಷ್ಟೇ. ಸರ್ಚು ‘ಸಿಗಲಿಲ್ಲ’ ಅಂದ್ರೆ ಅವರು ‘ಪುಸ್ತಕವೇ ಇಲ್ಲ’ ಅಂತ ತಿಳಿದು ಹೋಗಿಬಿಡ್ತಾರೆ. ಗೋಡೌನಿನಲ್ಲಿ ಪುಸ್ತಕ ಧೂಳು ಹಿಡಿಯತ್ತೆ, ಕೊನೆಗೆ ‘ಕನ್ನಡದಲ್ಲಿ ಓದೋರೇ ಇಲ್ಲ’ ಅಂತ ಒಂದು ಷರಾ. ಓದೋರು ಬಂದು ಬಾಗಿಲು ತಟ್ಟಿ ಹೋದದ್ದು ಆ ಲಾಗಿನಲ್ಲಿ ದಾಖಲಾಗಿದೆ ಸ್ವಾಮಿ!

ನೀವೂ ಹೀಗೆ ಹುಡುಕಿ ಸಿಗದೆ ವಾಪಸ್ ಬಂದಿದ್ರೆ, ಯಾವ ಪದ ಹಾಕಿದ್ರಿ ಅಂತ ಕಾಮೆಂಟಿನಲ್ಲಿ ಬರೀರಿ. ನಮ್ಮ ಪಟ್ಟಿಗೆ ಸೇರಿಸಿಕೊಳ್ತೀವಿ. ಸೊನ್ನೆ ಬದಲು ಅನುಸ್ವಾರ ಒತ್ತೋದು ಮಾತ್ರ ಮರೀಬೇಡಿ :-)